ಗುಂಯ್ ಸದ್ದು ನಿಂತ ದಿನ

ಶಿವಕಾಂತಮ್ಮ ಸತ್ತದ್ದು ಬೆಳಿಗ್ಗೆ ಎಂಟೂವರೆಗೆ. ಶಹಾಬಾದದ ಅವರ ಮನೆಯ ಹಾಸುಗಲ್ಲಿನ ನೆಲ ಆಗಷ್ಟೇ ಒರೆಸಿ ಮುಗಿದಿತ್ತು. ನೆಲ ಒದ್ದೆ, ಪಾದ ಒದ್ದೆ, ಕೈಯಲ್ಲಿ ಹಿಂಡಿದ ಬಟ್ಟೆ. ಗಂಡನ ಆಂಪ್ಲಿಫಾಯರ್ ಮೇಲೆ ಕೂತ ಕಲ್ಲುಪುಡಿ ಒರೆಸಲು ಕೈ ಇಟ್ಟರು. ಭಾಗಣ್ಣ ಬಚ್ಚಲಿನಿಂದ ಹೊರಬಂದಾಗ ಹೆಂಡತಿ ನೆಲದ ಮೇಲಿದ್ದರು. ಆಂಪ್ಲಿಫಾಯರಿನ ನೀಲಿ ದೀಪ ಎಂದಿನಂತೆ ಉರಿಯುತ್ತಿತ್ತು.

ಮೂರು ದಿನದಲ್ಲಿ ಊರಿಗೆಲ್ಲ ಕರೆಂಟ್ ಹೊಡೆದ ಈ ಸಾವಿಗೆ ಅಪರಾಧಿ ಯಾರೆಂದು ಗೊತ್ತಾಗಿಹೋಗಿತ್ತು — ಶೌಕತ ಅಲಿ.

ಯಾಕಾಗಬಾರದು? ಹತ್ತು ದಿನದ ಹಿಂದೆ ಆ ಆಂಪ್ಲಿಫಾಯರಿನ ಸ್ವಿಚ್ ಬದಲಿಸಿದವನು ಅವನೇ. ಕರೆಂಟ್ ನೆಲಕ್ಕಿಳಿಯಲೆಂದು ಆ ಮನೆಗೆ ಅರ್ಥಿಂಗ್ ತಗ್ಗು ತೋಡಿದವನೂ ಅವನೇ. ನಲವತ್ತು ವರ್ಷದಿಂದ ಶಹಾಬಾದದ ರೇಡಿಯೋ, ಟೇಪು, ಟಿ.ವಿ. ಎಲ್ಲ ಅವನ ಕೈ ದಾಟಿಯೇ ಬದುಕಿದ್ದವು. ಅದೇ ಊರು ಈಗ ಅವನ ಅಂಗಡಿಯ ಮುಂದೆ ಹಾಯುವಾಗ ಮುಖ ತಿರುಗಿಸುತ್ತಿತ್ತು. ಭಾಗಣ್ಣ ಠಾಣೆಗೆ ಹೋಗಿ ಶೌಕತನ ಹೆಸರು ಬರೆಸಿ ಬಂದಿದ್ದರು. ಕಂಪನಿಯವರ ತಪಾಸಣೆಯ ವರದಿ ಸೋಮವಾರ ಬರಲಿ, ಅದನ್ನು ನೋಡಿ ಅವನನ್ನು ಒಳಗೆ ಹಾಕುವುದೋ ಬಿಡುವುದೋ ತೀರ್ಮಾನಿಸುತ್ತೇನೆ ಎಂದು ಫೌಜದಾರರು ಹೇಳಿದ್ದರು.

ನಾನು ಹಣಮಪ್ಪ. ವಾಡಿಯಲ್ಲಿ ಮೈಕ್ ಸೆಟ್ ಇಟ್ಟವನು. ಮದುವೆ, ಉರುಸು, ಚುನಾವಣೆ, ಎಲ್ಲದರ ಗದ್ದಲಕ್ಕೂ ನಾನೇ ಜವಾಬ್ದಾರ. ಜೊತೆಗೆ, ದುಬಾರಿ ಆಂಪ್ಲಿಫಾಯರ್ ಮಾಡುವ ಒಂದು ಕಂಪನಿಗೆ ಈ ಭಾಗದ ಏಜೆಂಟ್. ಕಂಪನಿಯ ಹೆಸರು ಇಲ್ಲಿ ಬೇಡ. ಏಜೆಂಟ್ ಅಂದರೆ ದೊಡ್ಡ ಮಾತಾಯಿತು, ಹಮಾಲ ಎಂದರೂ ನಡೆಯುತ್ತದೆ. ಆರು ವರ್ಷದ ಹಿಂದೆ ಇಪ್ಪತ್ತೆಂಟು ಕಿಲೋ ತೂಗುವ ಆ ಡಬ್ಬವನ್ನು ಭಾಗಣ್ಣನವರ ಮನೆಗೆ ಹೊತ್ತು ಹಾಕಿದವನು ನಾನೇ. ಹತ್ತು ವರ್ಷ ಗ್ಯಾರಂಟಿ, ಫೋನ್ ಮಾಡಿದರೆ ಸಾಕು ಎಂದು ಕೊಚ್ಚಿಕೊಂಡವನೂ ನಾನೇ. ಹಾಗಾಗಿ ಆ ವಾರ ನನಗೂ ಅನ್ನ ಸೇರುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಹೈದರಾಬಾದಿನ ಗಾಡಿಗೆ ಕಂಪನಿಯ ತಪಾಸಣೆಗಾರ್ತಿ ವಾಡಿ ಸ್ಟೇಷನ್ನಿನಲ್ಲಿ ಇಳಿದಳು. ಹೆಸರು ಸಂಘಮಿತ್ರಾ. ಮೂವತ್ತೆರಡರ ವಯಸ್ಸು, ಚಿತ್ತಾಪುರದ ಹೆಣ್ಣುಮಗಳು. ಸುಟ್ಟ ಮಷೀನನ್ನು ಬಿಚ್ಚಿ, ತಪ್ಪು ಕಾರ್ಖಾನೆಯದೋ ಗಿರಾಕಿಯದೋ ರಿಪೇರಿಯವನದೋ ಎಂದು ಹೇಳುವುದೇ ಅವಳ ಕೆಲಸ. ಈ ಹುದ್ದೆಗೆ ಬಂದು ಆರು ತಿಂಗಳಾಗಿತ್ತಷ್ಟೇ. ಕಂಪನಿಯವಳಲ್ಲವೇ, ಕಂಪನಿಯನ್ನು ಉಳಿಸಿ ಬಡವನ ತಲೆಗೆ ಕಟ್ಟಿ ಹೋಗುತ್ತಾಳೆ ಎಂದುಕೊಂಡೆ. ದಾರಿಯಲ್ಲಿ ಕೇಳಿಯೂ ಕೇಳಿದೆ: ಇಷ್ಟು ಮಷೀನು ನೋಡಿದ್ದೀಯಲ್ಲ ತಂಗಿ, ಯಾವುದನ್ನು ನಂಬಬೇಕು?

ಅವಳು ನಗಲಿಲ್ಲ. "ಹಾಡೂ ಮುಂದ ಎಲ್ಲಾ ಮಷೀನೂ ಶಾಣ್ಯಾನೇ ಅಣ್ಣಾ. ಕೆಟ್ಟಾಗ ನೋಡಬೇಕು. ತಾ ಕೆಟ್ರೂ ಮನ್ಯಾಗಿನ ಮಂದಿಗಿ ಏನೂ ಮಾಡಬಾರದು, ಅದು ಛಲೋ ಮಷೀನು. ಕೆಟ್ಟಾಗ ಫೋನ್ ಎತ್ತಿ ಖರೇ ಮಾತು ಹೇಳಬೇಕು, ಅದು ಛಲೋ ಕಂಪನಿ."

ಮೊದಲು ಹೋದದ್ದು ಶೌಕತನ ಅಂಗಡಿಗೆ. ಶಟರ್ ಅರ್ಧ ಇಳಿದಿತ್ತು. ಒಳಗೆ ಸ್ಟೂಲಿನ ಮೇಲೆ ಅವನು ಸುಮ್ಮನೆ ಕೂತಿದ್ದ, ಕೈಗೆ ಕೆಲಸವಿಲ್ಲ. ಮಗಳು ಶಗುಫ್ತಾ ಚಹಾ ತಂದಿಟ್ಟು ಹೋದಳು. ಅವಳ ಕಣ್ಣು ಊದಿದ್ದವು. ಒಂದು ವಾರದಲ್ಲಿ ಶೌಕತ ಹತ್ತು ವರ್ಷ ಮುಪ್ಪಾಗಿದ್ದ.

"ಸ್ವಿಚ್ ಹಾಕಿದ ಮ್ಯಾಗ ಟೆಸ್ಟ್ ಮಾಡಿದ್ರೇನ್ರಿ?" ಎಂದಳು ಸಂಘಮಿತ್ರಾ.

"ಎರಡು ದಿನ ಇಲ್ಲೇ ಚಾಲೂ ಇಟ್ಟಿದ್ದೆ ಬೇಟಿ. ಮೀಟರ್ ಹಚ್ಚಿ ನೋಡೀನಿ. ಡಬ್ಬಿ ಮುಟ್ಟಿದ್ರ ಕರೆಂಟ್ ಇರಲಿಲ್ಲ."

"ತಂದದ್ದು ಬರೇ ಮಷೀನು? ಪ್ಲಗ್ಗಿನ ವೈರು?"

"ಅದು ಅವ್ರ ಮನ್ಯಾಗೇ ಇತ್ತು. ಇಲ್ಲಿ ನನ್ನ ವೈರು ಹಚ್ಚಿದ್ದೆ."

"ಸ್ವಿಚ್ ಬಿಟ್ರ ಬ್ಯಾರೆ ಏನು ತಕರಾರು ಇತ್ತು?"

ಮೊದಲಿನಿಂದಲೂ ಒಂದೇ ತಕರಾರು, ಸ್ಪೀಕರಿನಲ್ಲಿ ಸಣ್ಣಗೆ ಗುಂಯ್ ಎನ್ನುವ ಸದ್ದು ಎಂದ ಶೌಕತ. ಹಾಡು ಜೋರಿದ್ದರೆ ಗೊತ್ತಾಗದು, ಮೆಲ್ಲಗೆ ಹಚ್ಚಿದರೆ ಕೇಳುತ್ತದೆ. ಐದು ವರ್ಷ ಏನೆಲ್ಲ ಮಾಡಿದರೂ ಹೋಗಿರಲಿಲ್ಲ. ಕಂಪನಿಯ ಇಂಜಿನಿಯರು ಎರಡು ಸಲ ಬರುತ್ತೇನೆಂದು ಹೇಳಿ ಬಂದಿರಲಿಲ್ಲ. ಆ ಸಂಗತಿಗೆ ನಾನೇ ಸಾಕ್ಷಿ, ಫೋನ್ ಹಚ್ಚಿ ಹಚ್ಚಿ ನನ್ನ ಬೆರಳು ಸವೆದಿದ್ದವು. ಶೌಕತನಾದರೋ ಕರೆದ ಗಳಿಗೆಗೆ ಗಾಡಿ ಹತ್ತಿ ಬರುತ್ತಿದ್ದ.

"ಈಗೂ ಆ ಸದ್ದು ಅದ ಏನ್ರಿ?"

"ಇಲ್ಲ ಬೇಟಿ. ಹೋದ ಬ್ಯಾಸಿಗ್ಯಾಗ ತಾನೇ ನಿಂತಿತಂತ. ಅಲ್ಲಾನ ಮೆಹರಬಾನಿ ಅಂತ ನಾನೂ ಸುಮ್ಮಾದೆ."

ಸಂಘಮಿತ್ರಾ ಪೆನ್ನು ಎತ್ತಿದವಳು ಬರೆಯಲಿಲ್ಲ. ಚಹಾ ಕುಡಿದು ಎದ್ದಳು.

ಭಾಗಣ್ಣನವರ ಮನೆ ಅವರ ಹಾಸುಗಲ್ಲು ಪಾಲಿಶ್ ಮಾಡುವ ಕಾರ್ಖಾನೆಯ ಹಿಂದೆಯೇ. ಸೂತಕವೆಂದು ಕಾರ್ಖಾನೆ ಬಂದ್ ಆಗಿತ್ತು. ಹಗಲೆಲ್ಲ ಕಲ್ಲು ತಿಕ್ಕುವ ಕರ್ಕಶ ಕೇಳಿ ಕೇಳಿ, ಸಂಜೆಗೆ ಕಿವಿ ತೊಳೆದುಕೊಳ್ಳಲೆಂದೇ ಆ ಮನುಷ್ಯ ಹಳೆಯ ಗಾಯಕರ ರೆಕಾರ್ಡುಗಳನ್ನು ಹಚ್ಚುತ್ತಿದ್ದರು. ಮಷೀನು ಬಿಸಿಯಾಗಿದ್ದರೇ ಧ್ವನಿ ಪಕ್ವವಾಗಿ ಬರುತ್ತದೆ ಎಂದು ಅದನ್ನು ಹಗಲೂ ರಾತ್ರಿ ಆರಿಸುತ್ತಿರಲಿಲ್ಲ. ಈ ಹುಚ್ಚು ದುಬಾರಿ ಮಷೀನಿನವರಿಗೆಲ್ಲ ಇದೆ.

ನಮ್ಮನ್ನು ಕಂಡು ಭಾಗಣ್ಣ ಒಂದೇ ಮಾತು ಹೇಳಿದರು. "ನೋಡ್ರಿ, ಬರೀರಿ. ಆ ಶೌಕತಗ ಮಾತ್ರ ಬಿಡಬ್ಯಾಡ್ರಿ."

ಸಂಘಮಿತ್ರಾ ಮಷೀನಿನ ಮುಚ್ಚಳ ಬಿಚ್ಚಿದಳು. ಭೂತಗನ್ನಡಿ ಹಿಡಿದು ಸ್ವಿಚ್ಚಿನಿಂದ ಹಿಡಿದು ಒಂದೊಂದೇ ವೈರು ನೋಡಿದಳು. ಶೌಕತ ಹಾಕಿದ ಬೆಸುಗೆ ಗಟ್ಟಿಯಾಗಿತ್ತು, ಮೇಲೆ ರಬ್ಬರಿನ ಅಂಗಿಯೂ ಇತ್ತು. ಅಲ್ಲಿಂದ ನಾಲ್ಕು ಬೆರಳು ಆಚೆ ಕೆಂಪು ವೈರಿನ ಸಿಪ್ಪೆ ಕಿತ್ತು ತಾಮ್ರ ಬತ್ತಲೆಯಾಗಿ ಡಬ್ಬದ ತಗಡಿಗೆ ತಾಗಿತ್ತು. ಅಂಚಿನಲ್ಲಿ ಸಣ್ಣ ಸಣ್ಣ ಕಚ್ಚು. ಮೂಲೆಯಲ್ಲಿ ಕರಿಯ ಹಿಕ್ಕೆ. ಚಳಿಗೆ ಬೆಚ್ಚಗಿನ ಜಾಗ ಹುಡುಕಿ ಹಿಂದಿನ ಗಾಳಿಕಿಂಡಿಯಿಂದ ಯಾವುದೋ ಸಣ್ಣ ಇಲಿ ಒಳಗೆ ತೂರಿತ್ತು.

ನನಗೆ ಜೀವ ಬಂದ ಹಾಗಾಯಿತು. ಇಲಿ! ಬರೆದು ಮುಗಿಸು ತಂಗಿ ಎಂದೆ. ಶೌಕತನೂ ಉಳಿದ, ನಾನೂ ಉಳಿದೆ.

ಅವಳು ತಲೆಯಾಡಿಸಿದಳು. "ಇಲಿ ವೈರು ಕಡೀತು. ಖರೆ. ಮತ್ತ ಫ್ಯೂಜ್ ಯಾಕ ಹಾರಲಿಲ್ಲ ಅಣ್ಣಾ? ಡಬ್ಬಿಗಿ ಕರೆಂಟ್ ಬಂದ ಕೂಡ್ಲೇ ಅದು ಅರ್ಥಿಂಗಿಗಿ ಹರೀಬೇಕು, ಫ್ಯೂಜ್ ಹಾರಬೇಕು. ಅಕ್ಕಾವ್ರು ಮುಟ್ಟೂತನಕ ಉಳೀಲೇಬಾರದು."

ಅದಕ್ಕೆ ಊರಿನ ಉತ್ತರ ಸಿದ್ಧವಾಗಿತ್ತು. ಶಹಾಬಾದದಲ್ಲಿ ಮೊಳ ತೋಡಿದರೆ ಬಂಡೆ. ಬಂಡೆಯಲ್ಲಿ ಅರ್ಥಿಂಗ್ ಹಿಡಿಯುವುದು ಅಷ್ಟಕ್ಕಷ್ಟೇ. ಇದ್ದಲಿ, ಉಪ್ಪು ತುಂಬಿ ದಿನಾ ನೀರು ಹಾಕುತ್ತಿದ್ದರೆ ಉಂಟು, ಒಣಗಿದರೆ ಇಲ್ಲ. ಶೌಕತ ತೋಡಿದ ತಗ್ಗು ಒಣಗಿತ್ತು, ಅದೇ ಆ ತಾಯಿಯನ್ನು ನುಂಗಿತು ಎಂದು ಎಲ್ಲರೂ ಆಡಿಕೊಳ್ಳುತ್ತಿದ್ದರು.

ನಾವು ಹಿತ್ತಲಿಗೆ ಹೋದೆವು. ತಗ್ಗಿನ ಪಕ್ಕ ಕರಿಬೇವಿನ ಗಿಡ. ಮಣ್ಣು ಒದ್ದೆಯಾಗಿತ್ತು. ಸಂಘಮಿತ್ರಾ ಮೀಟರ್ ಹಚ್ಚಿ ಎರಡು ಸಲ ಅಳೆದಳು. ಅರ್ಥಿಂಗ್ ನೆಟ್ಟಗಿತ್ತು. ಈ ಊರಿನಲ್ಲಿ ಇಷ್ಟು ಒಳ್ಳೆಯ ಅರ್ಥಿಂಗ್ ಸಿಗುವುದು ಕಷ್ಟ ಎಂದಳು.

"ಇಲ್ಲಿ ನೀರು ಯಾರು ಹಾಕ್ತಾರ್ರಿ?"

"ಅಕಿ ಹಾಕ್ತಿದ್ಲು," ಎಂದರು ಭಾಗಣ್ಣ. "ದಿನಾ ಮುಂಜಾನಿ ಒಂದು ಕೊಡ. ಶೌಕತ ಹೇಳ್ಯಾನ ಅಂತ ಆರು ವರ್ಷ ಒಂದಿನಾನೂ ತಪ್ಪಿಸಿಲ್ಲ. ಈಗ ನಾ ಹಾಕ್ಲಿಕತ್ತೀನಿ. ಯಾಕಂತ ಕೇಳಬ್ಯಾಡ್ರಿ, ನನಗೂ ಗೊತ್ತಿಲ್ಲ." ಅವರು ಆ ಕಡೆ ತಿರುಗಿದರು.

ತಗ್ಗು ಸರಿ ಇದೆ. ಗೋಡೆಯ ಬೋರ್ಡೂ ಸರಿ ಇದೆ. ಮಷೀನಿನ ಒಳಗೂ ಅರ್ಥಿಂಗಿನ ಮೊಳೆ ಬಿಗಿಯಾಗಿದೆ. ಹಾಗಾದರೆ ನಡುವೆ ಉಳಿದದ್ದು ಏನು? ಒಂದೂವರೆ ಮೀಟರು ವೈರು. ಒಂದು ವಾರದಿಂದ ಎಲ್ಲರೂ ಮಷೀನನ್ನೇ ದಿಟ್ಟಿಸುತ್ತಿದ್ದರು, ಗೋಡೆಯ ಬಳಿ ಬಿದ್ದಿದ್ದ ಪ್ಲಗ್ಗನ್ನು ಯಾರೂ ಕೈಯಲ್ಲಿ ಹಿಡಿದಿರಲಿಲ್ಲ.

ಸಂಘಮಿತ್ರಾ ಪ್ಲಗ್ಗಿನ ತಿರುಪು ಬಿಚ್ಚಿದಳು. ಕೆಂಪು ವೈರು ತನ್ನ ಜಾಗದಲ್ಲಿತ್ತು, ಕರಿಯದೂ ಇತ್ತು. ಅರ್ಥಿಂಗಿನ ಹಸಿರು ವೈರು ಇರಲಿಲ್ಲ. ಅಂದರೆ, ಇತ್ತು. ಮೊಳೆಯಿಂದ ಬಿಡಿಸಿ, ಹಿಂದಕ್ಕೆ ಮಡಚಿ, ಅಲುಗಾಡದಂತೆ ದಾರದಿಂದ ಸುತ್ತಿ ಗಂಟು ಹಾಕಿತ್ತು. ನೂಲಿನ ದಾರ. ಹಳದಿ ಬಣ್ಣ. ಅವಳು ಮೂಗಿನ ಹತ್ತಿರ ಹಿಡಿದು ನನಗೂ ಹಿಡಿದಳು. ಅರಿಷಿಣ.



"ಗುಂಯ್ ಸದ್ದು ಯಾವಾಗ ನಿಂತಿತ್ರಿ?" ಎಂದು ಭಾಗಣ್ಣನವರನ್ನು ಕೇಳಿದಳು.

ಯುಗಾದಿ ಕಳೆದು ನಾಲ್ಕೈದು ದಿನಕ್ಕೆ ಎಂದರು. ಅವತ್ತು ಶೌಕತ ಬಂದಿದ್ದನೇ? ಇಲ್ಲ, ಯಾರೂ ಬಂದಿರಲಿಲ್ಲ. ಸಂಜೆ ರೆಕಾರ್ಡು ಹಚ್ಚಿದರೆ ಸದ್ದಿಲ್ಲ. ಹಾಡುವವರು ಉಸಿರು ಎಳೆದುಕೊಳ್ಳುವುದೂ ಕೇಳುತ್ತಿತ್ತು. "ಬಾ, ಕೇಳು ಅಂತ ಅಕಿಗಿ ಕರೆದೆ. ತಾನೇ ಹೋಯ್ತು ನೋಡ್ರಿ ಅಂದ್ಲು. ಅವತ್ತು ಅಡಗಿ ಬಿಟ್ಟು ನನ್ನ ಬಾಜೂ ಕುಂತು ಪೂರಾ ಹಾಡು ಕೇಳಿದ್ಲು."

ಸಂಘಮಿತ್ರಾ ಲ್ಯಾಪ್‌ಟಾಪ್ ತೆರೆದಳು. ಕಂಪನಿಗೆ ಬಂದ ಪ್ರತಿ ಫೋನೂ ಅದರಲ್ಲಿ ದಾಖಲಾಗಿರುತ್ತದೆ. ಶಿವಕಾಂತಮ್ಮನ ನಂಬರು ಕೇಳಿ ಒತ್ತಿದಳು. ಪರದೆ ನೋಡಿದಳು. ಆಮೇಲೆ ನೀರು ಕೇಳಿದಳು. ತಂದುಕೊಟ್ಟರೆ ಕುಡಿಯಲಿಲ್ಲ, ಲೋಟ ಹಿಡಿದುಕೊಂಡೇ ಕೂತಳು. ಕಡೆಗೆ, ನಾಳೆ ಹತ್ತು ಗಂಟೆಗೆ ಫೌಜದಾರರನ್ನೂ ಶೌಕತ ಅಲಿಯವರನ್ನೂ ಇಲ್ಲಿಗೇ ಕರೆಸಿ, ಹೇಳುತ್ತೇನೆ ಎಂದಳು.

ಚಿತ್ತಾಪುರಕ್ಕೆ ಅವಳ ತಾಯಿಯ ಮನೆಗೆ ಅವಳನ್ನು ಬಿಡಲು ಹೊರಟೆ. ದಾರಿಯಲ್ಲಿ ನಾನೇ ಕೆದಕಿದೆ. ಪಾಪ, ಆ ತಾಯಿ ತಾನೇ ಕಟ್ಟಿಕೊಂಡದ್ದು, ಇನ್ನು ಯಾರ ತಪ್ಪು ಎಂದೆ.

"ಅಣ್ಣಾ, ಒಂದು ತಕರಾರು ಬಗೀಹರೀತು ಅಂತ ಯಾವಾಗ ಬರೀಬೇಕು?"

"ಗಿರಾಕಿ ಖುಷಿ ಆದಾಗ."

"ನಮ್ಮಲ್ಲಿನೂ ಹಂಗೇ ಬರೀತಾರ," ಎಂದು ಹೇಳಿ ಕಿಟಕಿಯಾಚೆ ನೋಡತೊಡಗಿದಳು.

ಮರುದಿನ ಭಾಗಣ್ಣನವರ ಪಡಸಾಲೆಯಲ್ಲಿ ನಾಲ್ವರು ಕೂತಿದ್ದೆವು. ಫೌಜದಾರರು ಕುರ್ಚಿಯ ಮೇಲೆ, ಭಾಗಣ್ಣ ಜಮಖಾನೆಯ ಮೇಲೆ, ನಾನು ಗೋಡೆಗೊರಗಿ, ಸಂಘಮಿತ್ರಾ ಮಷೀನಿನ ಪಕ್ಕ. ಶೌಕತ ಹೊಸ್ತಿಲ ಹೊರಗೆ ನಿಂತಿದ್ದ. ಒಳಗೆ ಬಾ ಎಂದು ಭಾಗಣ್ಣ ಕರೆಯಲಿಲ್ಲ, ಅವನೂ ಬರಲಿಲ್ಲ. ಎಷ್ಟು ವರ್ಷ ಒಂದೇ ತಟ್ಟೆಯಲ್ಲಿ ಮಂಡಕ್ಕಿ ತಿಂದ ಮಂದಿ ಅವರು!

ಸಂಘಮಿತ್ರಾ ಒಂದೊಂದಾಗಿ ಹೇಳಿದಳು. ಶೌಕತ ಅಲಿಯವರ ಬೆಸುಗೆಯಲ್ಲಿ ದೋಷವಿಲ್ಲ. ಅವರು ತೋಡಿದ ತಗ್ಗಿನಲ್ಲಿ ದೋಷವಿಲ್ಲ. ಇಲಿ ವೈರು ಕಡಿದದ್ದು ಯಾರ ಕೈಯಲ್ಲೂ ಇರಲಿಲ್ಲ. ಅರ್ಥಿಂಗ್ ಇದ್ದಿದ್ದರೆ ಇಲಿ ಕಡಿದ ರಾತ್ರಿಯೇ ಫ್ಯೂಜ್ ಹಾರಿ ಮಷೀನು ತಣ್ಣಗಾಗಿರುತ್ತಿತ್ತು, ಬೆಳಿಗ್ಗೆ ಹಾಡು ಬರುತ್ತಿಲ್ಲ ಎಂದು ಶೌಕತರನ್ನು ಕರೆಸುತ್ತಿದ್ದಿರಿ, ಅಷ್ಟೇ.

"ಎಲ್ಲಾರೂ ಖುಷಿಪಟ್ಟ ಸಂಗತೀನೇ ಯಾರೂ ನೋಡಲಿಲ್ಲ," ಎಂದಳು. "ಐದು ವರ್ಷ ಇದ್ದ ಸದ್ದು ಒಂದಿನ ತಾನೇ ಹ್ಯಾಂಗ ಹೋಗ್ತದ? ಮಷೀನು ತಾನೇ ಕೆಡ್ತದ, ತಾನೇ ದುರಸ್ತಿ ಆಗಲ್ಲ. ಆ ಸದ್ದು ಅರ್ಥಿಂಗಿನ ವೈರಿನಿಂದ ಬರ್ತಿತ್ತು. ಹಸಿರು ವೈರು ಬಿಚ್ಚಿದ್ರ ಸದ್ದು ನಿಲ್ತದ. ಅದರ ಕೂಡ ಜೀವ ಕಾಯೋದೂ ನಿಲ್ತದ."

ಫೌಜದಾರರು ಮುಂದಕ್ಕೆ ಬಾಗಿದರು. "ಬಿಚ್ಚಿದ್ಯಾರು?"

"ಅರಿಷಿಣದ ದಾರ ಮೆಕ್ಯಾನಿಕ್ ಮಂದಿ ಕಟ್ಟಲ್ರಿ, ಟೇಪ್ ಸುತ್ತತಾರ. ಬಿಚ್ಚಿದ್ದು ಅಕ್ಕಾವ್ರ ಕೈ. ಆದ್ರ ಅವ್ರಿಗಿ ಅದು ಎಲ್ಲಿಂದ ಗೊತ್ತಾಗಬೇಕು? ಫೋನ್‌ನ್ಯಾಗ ಒಬ್ಬರು ಹೇಳಿ ಮಾಡಿಸ್ಯಾರ. ಯುಗಾದಿ ಆಗಿ ಐದನೇ ದಿನ, ಮಧ್ಯಾಹ್ನ, ನಾಲ್ಕು ನಿಮಿಷ. ಸದ್ದು ಎಲ್ಲಿಂದ ಬರ್ತದ ಅಂತ ಹುಡುಕಲಿಕ್ಕ ಹಸಿರು ವೈರು ತೆಗೆಸಿ ನೋಡೋದು ನಮ್ಮ ಪದ್ಧತಿ. ತೆಗೆಸಿ, ನೋಡಿ, ಮತ್ತ ಕಟ್ಟಿಸಬೇಕು. ಆಮ್ಯಾಲ ಇಂಜಿನಿಯರ್ ಕಳಿಸಬೇಕು. ಅವರು ಕಟ್ಟಿಸಲಿಲ್ಲ. ಸದ್ದು ನಿಂತಿತು, ಗಿರಾಕಿ ಖುಷಿ ಆದ್ರು, ತಕರಾರು ಬಗೀಹರೀತು ಅಂತ ಬರೆದು ಮುಗಿಸಿದ್ರು. ಅಂಥಾ ಫೋನು ದಿನಕ್ಕ ನಲ್ವತ್ತು. ಜಲ್ದಿ ಮುಗಿಸಿದವ್ರಿಗಿ ಬಡ್ತಿ."

"ಹೆಸರು ಹೇಳ್ರಿ."

"ಕಂಪನ್ಯಾಗ ಆವಾಗ ಕನ್ನಡದ ಫೋನ್ ಎತ್ತೋರು ಒಬ್ಬರೇ ಇದ್ರು. ನಾನೇ."

ಒಂದು ಗೇಣು ದಾರ. ನಿನ್ನೆಯೇ ಕಿಸೆಗೆ ಹಾಕಿಕೊಂಡು ಹಸಿರು ವೈರು ಸಿಕ್ಕಿಸಿಬಿಟ್ಟಿದ್ದರೆ, ಇಲಿ ಎಂದು ಬರೆದುಬಿಟ್ಟಿದ್ದರೆ, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವಳು ವರದಿಯ ಕಾಗದ ಫೌಜದಾರರ ಮುಂದೆ ಇಟ್ಟಳು. ಕಾರಣ ಎಂಬ ಜಾಗದಲ್ಲಿ ತನ್ನ ಹೆಸರು, ತನ್ನ ನೌಕರಿ ನಂಬರು ಬರೆದಿದ್ದಳು. ಆ ಕಾಗದದ ಮೇಲೆ ಈಗ ಕೋರ್ಟಿನಲ್ಲಿ ಕೇಸು ನಡೆದಿದೆ. ಕೆಲಸವಂತೂ ಅದೇ ವಾರ ಹೋಯಿತು. ತಪಾಸಣೆಗಾರ್ತಿ ಕಂಪನಿಯನ್ನು ಉಳಿಸುತ್ತಾಳೆ ಎಂದುಕೊಂಡಿದ್ದ ನನಗೆ ಅವತ್ತು ತಲೆ ಎತ್ತಿ ಅವಳನ್ನು ನೋಡಲಾಗಲಿಲ್ಲ.

ಭಾಗಣ್ಣ ಬೈಯುತ್ತಾರೆ, ಹೊಡೆಯಲೂ ಏಳುತ್ತಾರೆ ಎಂದು ಕಾಯುತ್ತಿದ್ದೆ. ಅವರು ತಲೆ ಬಗ್ಗಿಸಿ ನೆಲದ ಕಲ್ಲು ಸವರಿದರು.

"ಆ ಸದ್ದಿಗಿ ದಿನಾ ಬೈತಿದ್ದವ ನಾ," ಎಂದರು. "ಅಷ್ಟು ದೊಡ್ಡ ಮಷೀನು ತಂದು ಏನು ಬಂತು ಅಂತ ಅಕಿ ಮುಂದ ಗೊಣಗತಿದ್ದೆ. ಅಕಿ ಏನು ಮಾಡ್ಯಾಳು?" ಆಮೇಲೆ ಮುಖ ಎತ್ತಿ ಕೇಳಿದರು. "ಆ ಫೋನ್‌ನ್ಯಾಗ ಅಕಿ ಮಾತು ಅದಾವೇನವಾ?"

ಇವೆ ಎಂದಳು ಸಂಘಮಿತ್ರಾ. ಕೇಳುವುದು ಬೇಡ, ನಿಮ್ಮಿಂದ ಆಗುವುದಿಲ್ಲ ಎಂದೂ ಹೇಳಿದಳು.

"ಹಚ್ಚು."

ಲ್ಯಾಪ್‌ಟಾಪಿನ ಬಡಕಲು ಸ್ಪೀಕರಿನಿಂದ ಶಿವಕಾಂತಮ್ಮ ಮಾತಾಡತೊಡಗಿದರು. ನಮ್ಮ ಮನ್ಯಾಗಿನವ್ರು ಹಾಡು ಹಚ್ಚಿದ್ರ ಹಿಂದ ಗುಂಯ್ ಅಂತದವಾ, ದಿನಪೂರ್ತಿ ಕಲ್ಲಿನ ಸದ್ದಿನ್ಯಾಗ ಇರ್ತಾರ, ಸಂಜಿಗಿ ಒಂದು ತಾಸು ಅವ್ರಿಗಿ ಸಮಾಧಾನ ಆಗಬೇಕು. ಸಂಘಮಿತ್ರಾಳ ದನಿ ಚುರುಕಾಗಿ, ನಗುನಗುತ್ತ, ಬೋರ್ಡಿನ ಸ್ವಿಚ್ ಬಂದ್ ಮಾಡ್ರಿ, ತಿರುಪು ಬಿಚ್ಚರಿ ಎಂದು ಹೇಳುತ್ತಿತ್ತು. ಹಸಿರು ವೈರಿನ ಮಾತು ಬಂದಾಗ ಶಿವಕಾಂತಮ್ಮ ತಡೆದರು.

"ಶೌಕತ ಅಣ್ಣಾವ್ರು ಅದಕ್ಕ ಮುಟ್ಟಬ್ಯಾಡ್ರಿ ಅಂದಾರವಾ. ಸದ್ದು ಇದ್ರ ಇರಲಿ, ಜೀವ ದೊಡ್ಡದು ಅಂತಾರ. ಅವ್ರು ಸುಳ್ಳು ಹೇಳೋ ಮನುಷ್ಯಾ ಅಲ್ಲ."

"ಊರಾಗಿನ ಮೆಕ್ಯಾನಿಕ್ ಮಂದಿ ಹಂಗೇ ಹೆದರಸ್ತಾರ್ರಿ ಅಕ್ಕಾ. ಇದು ಕಂಪನಿ ಮಾತು. ತೆಗೀರಿ, ಏನಾಗಲ್ಲ."

ಪ್ಲಗ್ಗಿನ ತಿರುಪು ತಿರುವಿದ ಸದ್ದು, ಬೋರ್ಡಿನ ಸ್ವಿಚ್ ಮತ್ತೆ ಒತ್ತಿದ ಸದ್ದು. ಆಮೇಲೆ ಸಣ್ಣ ಹುಡುಗಿಯ ಹಾಗೆ ಒಂದು ನಗು. ನಿಂತಿತವಾ, ಪೂರಾ ನಿಂತಿತು, ನಿನ್ನ ಹೊಟ್ಟಿ ತಣ್ಣಗಿರಲಿ ಎಂದರು ಶಿವಕಾಂತಮ್ಮ. ಅಲ್ಲಿಗೆ ಮುಗಿಯಿತು.

ಸಂಘಮಿತ್ರಾ ಮುಖ ಮುಚ್ಚಿಕೊಂಡಿದ್ದಳು. ಶೌಕತ ಹೊಸ್ತಿಲ ಹೊರಗೆ ಕುಸಿದು ಕೂತಿದ್ದ. ಭಾಗಣ್ಣನವರ ಕಪಾಟಿನಲ್ಲಿ ನೂರಾರು ರೆಕಾರ್ಡುಗಳಿವೆ, ಎಲ್ಲೆಲ್ಲಿಯ ಎಷ್ಟೋ ಗಾಯಕರ ಕಂಠಗಳಿವೆ. ಮೂವತ್ತನಾಲ್ಕು ವರ್ಷ ಜೊತೆಗಿದ್ದ ಹೆಂಡತಿಯ ದನಿಯನ್ನು ಅವರು ಎಲ್ಲಿಯೂ ಹಿಡಿದಿಟ್ಟಿರಲಿಲ್ಲ. ಇದ್ದದ್ದು ಈ ನಾಲ್ಕು ನಿಮಿಷ ಮಾತ್ರ.

ಅವರು ಜಮಖಾನೆಯ ಮೇಲೆ ಸರಿದು ಪಕ್ಕದಲ್ಲಿ ಜಾಗ ಮಾಡಿದರು.

"ಶೌಕತ, ಒಳಗ ಬಾ, ಕುಂದ್ರು. ಅಕಿ ನಿನ್ನ ಹೆಸರು ಹೇಳ್ಯಾಳ." ಆಮೇಲೆ ಸಂಘಮಿತ್ರಾಳ ಕಡೆ ತಿರುಗಿದರು. "ಇನ್ನೊಮ್ಮೆ ಹಚ್ಚವಾ."

ಅವಳು ಕಣ್ಣೊರೆಸಿಕೊಂಡು ಮತ್ತೆ ಹಚ್ಚಿದಳು. ಇಬ್ಬರು ಮುದುಕರೂ ಒಂದೇ ಜಮಖಾನೆಯ ಮೇಲೆ ತಲೆ ಬಗ್ಗಿಸಿ ಕೂತು ಕೇಳಿದರು.